8 ಕೊಡೋ ಕಾರು ಮಾರಿ 23 ಕೊಡೋ ಹೈಬ್ರಿಡ್ ತಗೊಂಡರೆ ದುಡ್ಡು ಉಳಿಯುತ್ತಾ?

ಪ್ರಶ್ನೆ: ನನ್ನ ಹತ್ತಿರ 2018ರ ಪೆಟ್ರೋಲ್ ಲಕ್ಷುರಿ ಕ್ರಾಸೋವರ್ ಇದೆ. ಜರ್ಮನ್ ಕಂಪನಿಯದು, ಆಟೊಮ್ಯಾಟಿಕ್, 62,000 ಕಿ.ಮೀ. ಓಡಿದೆ. ಮನೆ ಬನಶಂಕರಿಯಲ್ಲಿ, ಆಫೀಸು ಮಾರತ್‌ಹಳ್ಳಿಯಲ್ಲಿ. ವಾರಕ್ಕೆ ಮೂರು ದಿನ ಸಿಲ್ಕ್ ಬೋರ್ಡ್ ದಾಟಿ ಹೋಗಿಬರಬೇಕು. ತಿಂಗಳಿಗೊಮ್ಮೆ ಹಾಸನಕ್ಕೆ, ಅತ್ತೆ ಮಾವನ ಮನೆಗೆ. ವರ್ಷಕ್ಕೆ ಸುಮಾರು 12,000 ಕಿ.ಮೀ. ಆಗುತ್ತೆ. ಲೀಟರಿಗೆ ಸಿಟಿಯಲ್ಲಿ 8 ಕಿ.ಮೀ. ಕೊಡುತ್ತೆ, ಹೈವೇಲಿ 13. ಕಳೆದ ವರ್ಷ ಗಾಡಿಗೆ 1 ಲಕ್ಷ 85 ಸಾವಿರ ಖರ್ಚಾಯ್ತು, ಬಿಲ್ಲುಗಳನ್ನು ಜೊತೆಗೆ ಕಳಿಸಿದ್ದೇನೆ. ಶೋರೂಮ್‌ನವರು 13 ಲಕ್ಷ ಎಕ್ಸ್‌ಚೇಂಜ್ ಕೊಡ್ತೀವಿ, ಇನ್ನೋವಾ ಹೈಕ್ರಾಸ್ ಹೈಬ್ರಿಡ್ ತಗೊಳ್ಳಿ, ಪೆಟ್ರೋಲ್‌ನಲ್ಲೇ ವರ್ಷಕ್ಕೆ 1 ಲಕ್ಷ ಉಳಿಯುತ್ತೆ ಅಂತಿದ್ದಾರೆ. ಎಕ್ಸ್‌ಶೋರೂಮ್ 30.5 ಲಕ್ಷ, ಆನ್‌ರೋಡ್ 38 ಲಕ್ಷ. 10 ಲಕ್ಷದ ಎಫ್‌ಡಿ ಮುರಿದು, 15 ಲಕ್ಷ ಸಾಲ ಮಾಡಬೇಕು. ನಮ್ಮ ಮನೆಯವರು ಹೈಬ್ರಿಡ್ ಬ್ಯಾಟರಿ 5 ವರ್ಷಕ್ಕೆ ಹೋಗುತ್ತೆ, ಆಗ 5 ಲಕ್ಷ ಬೇಕು ಅಂತ ಹೆದರಿಸ್ತಾರೆ. ಏನು ಮಾಡಲಿ?

ಉತ್ತರ: ಬಿಲ್ಲು, ಕಿಲೋಮೀಟರು, ಕೊಟೇಶನ್ ಎಲ್ಲ ಸರಿಯಾಗಿ ಕಳಿಸಿದ್ದೀರಿ. ಹಾಗಾಗಿ ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಬಹುದು. ನಾನು 20 ವರ್ಷದಿಂದ ವರ್ಕ್‌ಶಾಪ್‌ನಲ್ಲಿ ಇರುವವನು. ಪೆಟ್ರೋಲ್ ಉಳಿಸೋಕೆ ಅಂತ ಕಾರು ಬದಲಾಯಿಸುವವರು ದಿನಾ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಪೆಟ್ರೋಲ್ ಲೆಕ್ಕವನ್ನು ಹಾಕಿರುತ್ತಾರೆ, ಕಾರಿನ ಲೆಕ್ಕವನ್ನು ಹಾಕಿರುವುದಿಲ್ಲ.

ಮೊದಲು ಆ 1 ಲಕ್ಷ ಎಲ್ಲಿಂದ ಬಂತು ನೋಡೋಣ. ಹೈಕ್ರಾಸ್ ಹೈಬ್ರಿಡ್‌ನ ಎಆರ್‌ಎಐ ಮೈಲೇಜ್, ಅಂದರೆ ವಾಹನ ಪರೀಕ್ಷಾ ಸಂಸ್ಥೆ ಅಳೆದು ಕೊಟ್ಟ ಅಂಕಿ, 23.24. ನಿಮ್ಮ ಗಾಡಿಯ ಸಿಟಿ ಮೈಲೇಜ್ 8. 12,000 ಕಿ.ಮೀ.ಗೆ ನಿಮ್ಮದು 1,500 ಲೀಟರ್ ಕುಡಿಯುತ್ತೆ, ಅದು 516 ಲೀಟರ್ ಕುಡಿಯುತ್ತೆ. ಲೀಟರಿಗೆ 103 ರೂಪಾಯಿ ಹಿಡಿದರೆ ವ್ಯತ್ಯಾಸ ಸುಮಾರು 1 ಲಕ್ಷ. ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು ಹೋಲಿಕೆಯಲ್ಲಿ. ನಿಮ್ಮ ಗಾಡಿಯದು ಟ್ರಾಫಿಕ್‌ನಲ್ಲಿ ಬಂದ ನಿಜವಾದ ಅಂಕಿ. ಹೈಕ್ರಾಸ್‌ನದು ಲ್ಯಾಬ್ ಅಂಕಿ. ಎಆರ್‌ಎಐ ಪರೀಕ್ಷೆ ನಡೆಯುವುದು ರೋಲರ್ ಮೇಲೆ, ಎಸಿ ಆಫ್ ಮಾಡಿ, ನಿಗದಿಯಾದ ವೇಗದಲ್ಲಿ. ಸಿಲ್ಕ್ ಬೋರ್ಡ್‌ನಲ್ಲಿ ಸಂಜೆ 6 ಗಂಟೆಗೆ ಎಸಿ ಹಾಕಿಕೊಂಡು ನಿಂತ ಗಾಡಿಗೂ ಅದಕ್ಕೂ ಸಂಬಂಧ ಇಲ್ಲ. ಮೇಲಾಗಿ ನಿಮ್ಮ 12,000 ಕಿ.ಮೀ. ಪೂರ್ತಿ ಸಿಟಿಯದ್ದಲ್ಲ. ಹಾಸನಕ್ಕೆ ಹೋಗಿಬರುವುದೇ ಸುಮಾರು 4,500 ಆಗುತ್ತೆ.

ಸರಿ ಮಾಡಿ ಹಾಕೋಣ. ಈಗಿನ ಗಾಡಿ: ಸಿಟಿಯ 7,500 ಕಿ.ಮೀ.ಗೆ 937 ಲೀಟರ್, ಹೈವೇಯ 4,500ಕ್ಕೆ 346 ಲೀಟರ್. ಒಟ್ಟು 1,283 ಲೀಟರ್, ಅಂದರೆ ಸುಮಾರು 1 ಲಕ್ಷ 32 ಸಾವಿರ ರೂಪಾಯಿ. ನಮ್ಮಲ್ಲಿಗೆ ಬರುವ ಹೈಕ್ರಾಸ್ ಹೈಬ್ರಿಡ್‌ಗಳು ಬೆಂಗಳೂರು ಸಿಟಿಯಲ್ಲಿ 15ರ ಆಸುಪಾಸು ಕೊಡುತ್ತವೆ, ಹೈವೇಲಿ 16. ಆ ಲೆಕ್ಕಕ್ಕೆ 781 ಲೀಟರ್, ಸುಮಾರು 80 ಸಾವಿರ. ಉಳಿಯುವುದು ವರ್ಷಕ್ಕೆ 52 ಸಾವಿರ. ಕಿಲೋಮೀಟರಿಗೆ 4 ರೂಪಾಯಿ 30 ಪೈಸೆ ಅಂತ ಇಟ್ಟುಕೊಳ್ಳಿ. ಇದು ಚಿಕ್ಕ ಮೊತ್ತ ಅಲ್ಲ. ಆದರೆ ಶೋರೂಮ್ ಹೇಳಿದ್ದರಲ್ಲಿ ಅರ್ಧ.

ಇಲ್ಲಿ ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಯೋಚಿಸಿದರೆ ನಾವು ಮೋಸ ಹೋಗುತ್ತೇವೆ. 1,000 ಕಿ.ಮೀ.ಗೆ ಎಷ್ಟು ಲೀಟರ್ ಅಂತ ತಿರುಗಿಸಿ ನೋಡಿ. 8 ಕೊಡುವ ಗಾಡಿಗೆ 125 ಲೀಟರ್ ಬೇಕು. 16 ಕೊಡುವುದಕ್ಕೆ 62. 24 ಕೊಡುವುದಕ್ಕೆ 42. ಅಂದರೆ 8ರಿಂದ 16ಕ್ಕೆ ಬಂದಾಗ 63 ಲೀಟರ್ ಉಳಿಯಿತು. 16ರಿಂದ 24ಕ್ಕೆ ಹೋದಾಗ ಉಳಿದಿದ್ದು ಬರೀ 20 ಲೀಟರ್. ಹೆಚ್ಚಿನ ಲಾಭ ಆ 8ನ್ನು ಬಿಟ್ಟು ಬರುವುದರಲ್ಲೇ ಇದೆ. 13 ಕೊಡುವ ಒಂದು ಸಾಧಾರಣ ಪೆಟ್ರೋಲ್ ಆಟೊಮ್ಯಾಟಿಕ್ ಕೂಡ 1,000 ಕಿ.ಮೀ.ಗೆ 48 ಲೀಟರ್ ಉಳಿಸುತ್ತೆ. ಬ್ರೋಷರ್‌ನಲ್ಲಿ 23 ಇದೆಯೋ 27 ಇದೆಯೋ ಅಂತ ತಲೆ ಕೆಡಿಸಿಕೊಳ್ಳುವುದು ಅದಕ್ಕೇ ಬೇಡ.

ಈಗ ನಿಮ್ಮ ಕೊಟೇಶನ್ ಹಾಳೆ ಕೈಗೆ ತಗೊಳ್ಳಿ. ಎಕ್ಸ್‌ಶೋರೂಮ್ ಕೆಳಗೆ ಲೈಫ್ ಟ್ಯಾಕ್ಸ್ ಅಂತ ಒಂದು ಸಾಲಿದೆ. ನಮ್ಮ ರಾಜ್ಯದಲ್ಲಿ 20 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಕಾರಿಗೆ ಅದು 18%, ಅದರ ಮೇಲೆ ಸೆಸ್ ಬೇರೆ. ನಿಮ್ಮ ಹಾಳೆಯಲ್ಲಿ ಅದು 6 ಲಕ್ಷ ದಾಟಿದೆ. ವರ್ಷಕ್ಕೆ 52 ಸಾವಿರದಂತೆ ಪೆಟ್ರೋಲ್ ಉಳಿಸುತ್ತಾ ಹೋದರೆ, ಆ ಒಂದು ಸಾಲನ್ನು ತೀರಿಸೋಕೇ ಹತ್ತಿರ ಹತ್ತಿರ 12 ವರ್ಷ ಬೇಕು. ಕಾರಿನ ಬೆಲೆ ಇನ್ನೂ ಹಾಗೇ ಇದೆ.

ಅದೇ ಹಾಳೆಯಲ್ಲಿ ಟಿಸಿಎಸ್ ಅಂತ 1% ಇರುತ್ತೆ, 30 ಸಾವಿರ ಚಿಲ್ಲರೆ. ಮಾರುವವರು ನಿಮ್ಮಿಂದ ಮೊದಲೇ ಹಿಡಿದು ಕಟ್ಟುವ ಆದಾಯ ತೆರಿಗೆ ಅದು. ಅದು ನಿಮ್ಮ ಪ್ಯಾನ್‌ಗೆ ಜಮಾ ಆಗುತ್ತೆ, ರಿಟರ್ನ್ ಹಾಕುವಾಗ ವಾಪಸ್ ಕೇಳಬಹುದು. ತುಂಬಾ ಜನ ಮರೆತುಬಿಡುತ್ತಾರೆ.

ಎಫ್‌ಡಿ ಮತ್ತು ಸಾಲದ ವಿಷಯ. 10 ಲಕ್ಷದ ಎಫ್‌ಡಿಗೆ 6.5% ಬಡ್ಡಿ ಹಿಡಿದರೆ ವರ್ಷಕ್ಕೆ 65 ಸಾವಿರ ಬರುತ್ತಿತ್ತು. ಅದನ್ನು ಮುರಿದ ದಿನವೇ ನೀವು ಉಳಿಸುವ ಪೆಟ್ರೋಲ್ ಹಣಕ್ಕಿಂತ ಜಾಸ್ತಿ ಹೋಯಿತು. 15 ಲಕ್ಷ ಸಾಲಕ್ಕೆ 9%ನಲ್ಲಿ 5 ವರ್ಷಕ್ಕೆ ಇಎಂಐ 31 ಸಾವಿರ ಚಿಲ್ಲರೆ, ಮೊದಲ ವರ್ಷದ ಬಡ್ಡಿಯೇ ಸುಮಾರು 1 ಲಕ್ಷ 25 ಸಾವಿರ. ಪೆಟ್ರೋಲ್ ಬಂಕ್‌ನಲ್ಲಿ ಉಳಿಸಿ ಬ್ಯಾಂಕಿಗೆ ಕಟ್ಟಿದಂತಾಗುತ್ತೆ. ಇನ್ನು ಹೊಸ ಕಾರಿನ ಬೆಲೆ ಬೀಳುವುದು ಬೇರೆ. 38 ಲಕ್ಷ ಕೊಟ್ಟ ಗಾಡಿ 5 ವರ್ಷದಲ್ಲಿ 15 ಲಕ್ಷದಷ್ಟು ಕಳೆದುಕೊಳ್ಳಬಹುದು, ಅದರಲ್ಲಿ ಟ್ಯಾಕ್ಸ್ ಹಣವೂ ಸೇರಿದೆ. ನಿಮ್ಮ ಹಳೇ ಗಾಡಿ ಬೀಳಬೇಕಾದಷ್ಟು ಬಿದ್ದಾಗಿದೆ. ಇನ್ನು ಬೀಳುವುದು ನಿಧಾನ.

ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಸಂಕಟ ಆಗಿರುವುದು ಪೆಟ್ರೋಲ್‌ನಿಂದ ಅಲ್ಲ ಅಂತ ನನಗೆ ಅನ್ನಿಸುತ್ತೆ. ಆ 1 ಲಕ್ಷ 85 ಸಾವಿರದ ಬಿಲ್ಲಿನಿಂದ. ಮುಂದಿನ ವರ್ಷ ಇನ್ನೆಷ್ಟು ಬರುತ್ತೋ ಅನ್ನುವ ಭಯ. ಅದು ನ್ಯಾಯವಾದ ಭಯ, ಅದನ್ನೇ ಬಿಡಿಸಿ ನೋಡೋಣ.

ನೀವು ಕಳಿಸಿದ ಬಿಲ್ಲುಗಳಲ್ಲಿ ನಾಲ್ಕು ರನ್‌ಫ್ಲಾಟ್ (ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ) ಟೈರಿಗೆ 80 ಸಾವಿರ, ಸರ್ವಿಸ್‌ಗೆ 45 ಸಾವಿರ, ಕೂಲಂಟ್ ಲೀಕ್‌ಗೆ 60 ಸಾವಿರ ಇದೆ. ಟೈರು ಪ್ರತಿ ವರ್ಷದ ಖರ್ಚಲ್ಲ, ಇನ್ನು ನಾಲ್ಕು ವರ್ಷಕ್ಕೆ ಬರುತ್ತೆ. ಕೂಲಂಟ್ ಲೀಕ್ ಆಗಿದ್ದು ಥರ್ಮೋಸ್ಟ್ಯಾಟ್ ಹೌಸಿಂಗ್‌ನಲ್ಲಿ, ಅಂದರೆ ಕೂಲಂಟ್ ಹರಿವನ್ನು ಹಿಡಿತದಲ್ಲಿಡುವ ವಾಲ್ವ್‌ನ ಕವಚದಲ್ಲಿ. ಈ ಭಾಗ ಪ್ಲಾಸ್ಟಿಕ್‌ನದ್ದು. ಇಂಜಿನ್ ಬಿಸಿಗೆ ಬೆಂದು ಬೆಂದು 6–7 ವರ್ಷಕ್ಕೆ ಗಟ್ಟಿಯಾಗಿ ಬಿರುಕು ಬಿಡುತ್ತೆ. ಬಿಚ್ಚುವಾಗ ಕೈಯಲ್ಲೇ ಹಪ್ಪಳದ ಹಾಗೆ ಮುರಿಯುತ್ತೆ. ಒಂದು ಸಲ ಬದಲಾಯಿಸಿದ ಮೇಲೆ ಮತ್ತೆ ಅಷ್ಟೇ ವರ್ಷ ಚಿಂತೆಯಿಲ್ಲ. ಹಾಗಾಗಿ ನಿಮ್ಮ ಗಾಡಿಯ ಸರಾಸರಿ ಖರ್ಚು ವರ್ಷಕ್ಕೆ 1 ಲಕ್ಷದಿಂದ 1 ಲಕ್ಷ 25 ಸಾವಿರ ಅಂತ ಹಿಡಿಯಬಹುದು.

ನಿಜವಾಗಿ ಹೆದರಬೇಕಾದ್ದು ಗೇರ್‌ಬಾಕ್ಸ್‌ಗೆ. ಈ ವರ್ಗದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೆಟ್ಟರೆ ಬಿಲ್ಲು ಲಕ್ಷಗಳಲ್ಲೇ ಬರುತ್ತೆ. ಕೆಲವು ಕಡೆ ಗೇರ್ ಆಯಿಲ್ ಲೈಫ್‌ಟೈಮ್, ಬದಲಾಯಿಸೋದೇ ಬೇಡ ಅಂತ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೆಂಗಳೂರು ಟ್ರಾಫಿಕ್‌ನಲ್ಲಿ ಓಡಿದ 60 ಸಾವಿರ ಕಿ.ಮೀ. ಅಂದರೆ ಆ ಆಯಿಲ್‌ಗೆ ಬಹಳ ಆಯಿತು. ಹೊಸ ಆಯಿಲ್ ಕೆಂಪಗೋ ಜೇನಿನ ಬಣ್ಣಕ್ಕೋ ಇರುತ್ತೆ. ಈ ವಯಸ್ಸಿನ ಗಾಡಿಗಳಿಂದ ಇಳಿಸಿದಾಗ ಕಾಫಿ ಡಿಕಾಕ್ಷನ್ ಹಾಗೆ ಕಪ್ಪಾಗಿ, ಸುಟ್ಟ ವಾಸನೆ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಯಾವ ಬಿಲ್ಲಿನಲ್ಲೂ ಗೇರ್ ಆಯಿಲ್ ಬದಲಾಯಿಸಿದ ಸಾಲು ಕಾಣಲಿಲ್ಲ. ಮಾರಿದರೂ ಇಟ್ಟುಕೊಂಡರೂ ಅದನ್ನು ಮೊದಲು ಕೇಳಿ.

ಇ20 ಪೆಟ್ರೋಲ್ ಬಗ್ಗೆ ಒಂದು ಮಾತು. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಕಡಿಮೆ. 20% ಬೆರೆಸಿದಾಗ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ, ಹೈಬ್ರಿಡ್‌ಗೂ ಅದೇ. ವ್ಯತ್ಯಾಸ ಇರುವುದು ರಬ್ಬರ್ ಭಾಗಗಳಲ್ಲಿ. 2018ರ ಗಾಡಿಗಳು ಸಾಮಾನ್ಯವಾಗಿ ಇ20 ಲೆಕ್ಕಕ್ಕೆ ಮಾಡಿದವಲ್ಲ. ಸರ್ವಿಸ್‌ನಲ್ಲಿ ಫ್ಯೂಯಲ್ ಲೈನ್, ಸೀಲ್‌ಗಳನ್ನು ನೋಡಲು ಹೇಳಿ. ಇದೊಂದಕ್ಕೇ ಗಾಡಿ ಮಾರುವ ಅಗತ್ಯ ಇಲ್ಲ.

ಇನ್ನು ನಿಮ್ಮ ಮನೆಯವರ ಬ್ಯಾಟರಿ ಭಯಕ್ಕೆ ಬರುತ್ತೇನೆ. 5 ವರ್ಷಕ್ಕೆ ಹೋಗುತ್ತೆ ಅನ್ನುವುದು ನಿಜವಲ್ಲ. ಟೊಯೊಟಾ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ನಿಮ್ಮ ಓಡಾಟಕ್ಕೆ 8 ವರ್ಷವೇ ಮೊದಲು ಬರುತ್ತೆ. 1997ರಲ್ಲಿ ಜಪಾನ್‌ನಲ್ಲಿ ಪ್ರಿಯಸ್ ಬಂದಾಗಿನಿಂದ ಈ ತಂತ್ರಜ್ಞಾನ ರಸ್ತೆಯಲ್ಲಿದೆ, ಎಷ್ಟೋ ದೇಶಗಳಲ್ಲಿ ಟ್ಯಾಕ್ಸಿಯಾಗಿ ಓಡಿದೆ. ಹೈಕ್ರಾಸ್‌ನಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಟೊಯೊಟಾದ ಅದೇ ಬಿಡದಿ ಫ್ಯಾಕ್ಟರಿಯಲ್ಲಿ ತಯಾರಾಗುವ ಚಿಕ್ಕ ಎಸ್‌ಯುವಿ ಹೈರೈಡರ್ ಹೈಬ್ರಿಡ್‌ನಲ್ಲಿ ಚಿಕ್ಕ ಲಿಥಿಯಂ ಬ್ಯಾಟರಿ. ಎರಡರಲ್ಲೂ ಕಂಪ್ಯೂಟರು ಬ್ಯಾಟರಿಯನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಖಾಲಿಯಾಗಲೂ ಬಿಡುವುದಿಲ್ಲ. ಮೊಬೈಲ್ ಬ್ಯಾಟರಿ ಬೇಗ ಸೋಲುವುದೇ ಹಾಗೆ ತುಂಬಿಸಿ ಖಾಲಿ ಮಾಡುವುದರಿಂದ.

ಆದರೆ ಒಂದು ಎಚ್ಚರ ಬೇಕು. ಕೆಲವು ವರ್ಷದ ಹಿಂದೆ ಒಂದು ಹೈಬ್ರಿಡ್ ಸೆಡಾನ್ ನಮ್ಮಲ್ಲಿಗೆ ಟೋ ಆಗಿ ಬಂತು. ವಾರ್ನಿಂಗ್ ಲೈಟ್ ಉರಿಯುತ್ತಿತ್ತು, ಬ್ಯಾಟರಿ ಹೋಯಿತು ಅಂತ ಮಾಲೀಕರ ಮುಖ ಬಾಡಿತ್ತು. ಹಿಂದಿನ ಸೀಟಿನ ಪಕ್ಕದಲ್ಲಿ ಬ್ಯಾಟರಿಗೆ ಗಾಳಿ ಎಳೆಯುವ ಕಿಂಡಿ ಇರುತ್ತೆ. ಅದನ್ನು ಬಿಚ್ಚಿದರೆ ಒಳಗಿನ ಫ್ಯಾನ್‌ಗೆ ನಾಯಿಕೂದಲು, ಧೂಳು ಸೇರಿ ಹಾಸಿಗೆಯ ಹತ್ತಿ ಹಾಗೆ ಸುತ್ತಿಕೊಂಡಿತ್ತು. ಬ್ಯಾಟರಿಗೆ ಗಾಳಿಯೇ ಹೋಗುತ್ತಿರಲಿಲ್ಲ, ಬಿಸಿಯಾಗಿ ಕೈಕೊಟ್ಟಿತ್ತು. ಫ್ಯಾನ್ ಬಿಚ್ಚಿ ತೊಳೆದು ಹಾಕಿದೆವು, ಅದೇ ಬ್ಯಾಟರಿ ಮತ್ತೆ ಓಡಿತು. ಹೈಬ್ರಿಡ್ ಯಾವುದೇ ತಗೊಂಡರೂ ಆ ಕಿಂಡಿ ಎಲ್ಲಿದೆ, ಅದಕ್ಕೆ ಫಿಲ್ಟರ್ ಇದೆಯಾ ಅಂತ ಡೆಲಿವರಿ ದಿನವೇ ಕೇಳಿ. ಅದರ ಮುಂದೆ ಬ್ಯಾಗು, ದುಪ್ಪಟಿ ಇಡಬೇಡಿ. ಹಾಗೇ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದಾಗ ಮೊದಲು ಸೋಲುವುದು ಮಾಮೂಲಿ 12 ವೋಲ್ಟ್ ಬ್ಯಾಟರಿ, ದೊಡ್ಡದಲ್ಲ. ಅದಕ್ಕೆ ಸಾವಿರಗಳಲ್ಲಿ ಖರ್ಚು, ಲಕ್ಷಗಳಲ್ಲಿ ಅಲ್ಲ.

ಇನ್ನೊಂದು ಗೊಂದಲ ಹೈಬ್ರಿಡ್ ಅನ್ನುವ ಹೆಸರಿನಲ್ಲೇ ಇದೆ. ಮೈಲ್ಡ್ ಹೈಬ್ರಿಡ್ ಅಂದರೆ ಇಂಜಿನ್‌ಗೆ ಸ್ವಲ್ಪ ಕೈ ಹಿಡಿಯುವ ಚಿಕ್ಕ ಮೋಟರ್ ಅಷ್ಟೇ. ಅದು ಗಾಡಿಯನ್ನು ಬರೀ ಕರೆಂಟಿನಲ್ಲಿ ಓಡಿಸುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್ ಓಡಿಸುತ್ತೆ, ಪ್ಲಗ್ ಹಾಕಿ ಚಾರ್ಜ್ ಮಾಡುವುದೂ ಬೇಡ. ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾ ಎರಡೂ ಮೈಲ್ಡ್‌ನಲ್ಲೂ ಸಿಗುತ್ತವೆ, ಸ್ಟ್ರಾಂಗ್‌ನಲ್ಲೂ ಸಿಗುತ್ತವೆ. ಹೈಕ್ರಾಸ್‌ನಲ್ಲಿ ಬರೀ ಪೆಟ್ರೋಲ್ ಕೂಡ ಇದೆ. ಬುಕಿಂಗ್ ಫಾರಂನಲ್ಲಿ ವೇರಿಯಂಟ್ ಹೆಸರು ಸರಿಯಾಗಿ ಓದಿ.

ಸ್ಟ್ರಾಂಗ್ ಹೈಬ್ರಿಡ್ ಸಿಟಿಯಲ್ಲಿ ಯಾಕೆ ಗೆಲ್ಲುತ್ತೆ? ನಿಮ್ಮ ಗಾಡಿ ಸಿಗ್ನಲ್‌ನಲ್ಲಿ ಎಸಿ ಹಾಕಿ ನಿಂತರೆ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ಸುಮ್ನೆ ಉರಿಯುತ್ತೆ. ಹೈಬ್ರಿಡ್‌ನಲ್ಲಿ ಇಂಜಿನ್ ಆಫ್ ಆಗಿ ಎಸಿ ಬ್ಯಾಟರಿಯಲ್ಲಿ ಓಡುತ್ತೆ, ಬ್ಯಾಟರಿ ಇಳಿದಾಗ ಮಾತ್ರ ಇಂಜಿನ್ ಎದ್ದು ಸ್ವಲ್ಪ ತುಂಬಿಸುತ್ತೆ. ನೀವು ಬ್ರೇಕ್ ಒತ್ತಿದಾಗಲೆಲ್ಲ ಬಿಸಿಯಾಗಿ ಹೋಗುತ್ತಿದ್ದ ಶಕ್ತಿಯಲ್ಲಿ ಒಂದು ಪಾಲು ಬ್ಯಾಟರಿಗೆ ವಾಪಸ್ ಬರುತ್ತೆ. ಔಟರ್ ರಿಂಗ್ ರೋಡ್‌ನಲ್ಲಿ ದಿನಕ್ಕೆ ಎಷ್ಟು ಸಲ ಬ್ರೇಕ್ ಒತ್ತುತ್ತೀರಿ ಅಂತ ನಿಮಗೇ ಗೊತ್ತು. ಆದರೆ ಕುಣಿಗಲ್ ದಾಟಿ ಚನ್ನರಾಯಪಟ್ಟಣದ ಕಡೆ 100ರಲ್ಲಿ ಒಂದೇ ಸಮ ಹೋಗುವಾಗ ಬ್ರೇಕ್ ಎಲ್ಲಿದೆ? ಅಲ್ಲಿ ಇಂಜಿನ್ ಗಾಳಿಯನ್ನು ಸೀಳಿಕೊಂಡು ಹೋಗಬೇಕು, ಹೈಬ್ರಿಡ್‌ನ ಲಾಭ ತೆಳುವಾಗುತ್ತೆ. ಹಾಸನದ ಪ್ರಯಾಣದಲ್ಲಿ 13ರಿಂದ 16ಕ್ಕೆ ಹೋಗುವುದಷ್ಟೇ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ನಿಮ್ಮ ಮುಂದಿರುವ ದಾರಿಗಳನ್ನು ನಾನು ಹೀಗೆ ನೋಡುತ್ತೇನೆ.

ಹೈಕ್ರಾಸ್ ತಗೊಂಡರೆ ಪೆಟ್ರೋಲ್‌ನಲ್ಲಿ 52 ಸಾವಿರ, ರಿಪೇರಿ ಸರ್ವಿಸ್‌ನಲ್ಲಿ 1 ಲಕ್ಷ ಉಳಿಯಬಹುದು. ಒಟ್ಟು ಒಂದೂವರೆ ಲಕ್ಷ. ಬಡ್ಡಿಯಲ್ಲೇ ಮೊದಲ ವರ್ಷ 1 ಲಕ್ಷ 90 ಸಾವಿರ ಹೋಗುತ್ತೆ. ಉಳಿತಾಯಕ್ಕೆ ಅಂತ ತಗೊಳ್ಳುವುದಾದರೆ ಬೇಡ ಅಂತಲೇ ಹೇಳುತ್ತೇನೆ. ಅತ್ತೆ ಮಾವನನ್ನೂ ಕೂರಿಸಿಕೊಂಡು ಓಡಾಡಬೇಕು, ಏಳು ಸೀಟು ಬೇಕು, 10 ವರ್ಷ ಇಟ್ಟುಕೊಳ್ಳುತ್ತೀರಿ ಅಂದರೆ ಅದು ಬೇರೆ ಮಾತು. ಆಗ ಅದು ಒಳ್ಳೆಯ ಗಾಡಿ. ಆ ಕಾರಣಕ್ಕೆ ದುಡ್ಡು ಖರ್ಚು ಮಾಡುತ್ತಿದ್ದೇನೆ ಅಂತ ಒಪ್ಪಿಕೊಂಡು ತಗೊಳ್ಳಿ.

ಹೈರೈಡರ್ ಅಥವಾ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ ಆದರೆ ಆನ್‌ರೋಡ್ 24 ಲಕ್ಷದ ಆಸುಪಾಸು. ನಿಮ್ಮ ಎಕ್ಸ್‌ಚೇಂಜ್‌ನ 13 ಲಕ್ಷ ಕಳೆದರೆ 11 ಲಕ್ಷ. ಎಫ್‌ಡಿಯ 10ಕ್ಕೆ ಕೈಯಿಂದ 1 ಲಕ್ಷ ಸೇರಿಸಿದರೆ ಸಾಲ ಬೇಡ. ಎಆರ್‌ಎಐ 27.97 ಅಂತ ಬಂದ ಗಾಡಿ ಇದು. ಸಿಟಿಯಲ್ಲಿ 20, ಹೈವೇಲಿ 19 ಅಂತ ಬಿಗಿಯಾಗಿ ಹಿಡಿದರೂ ವರ್ಷಕ್ಕೆ 69 ಸಾವಿರ ಪೆಟ್ರೋಲ್ ಉಳಿಯುತ್ತೆ. 11 ಲಕ್ಷಕ್ಕೂ ಎಫ್‌ಡಿ ಬಡ್ಡಿ ಹಿಡಿದರೆ 71 ಸಾವಿರ. ಎರಡೂ ಹೆಚ್ಚು ಕಡಿಮೆ ಸರಿಹೋಯಿತು, ರಿಪೇರಿ ಉಳಿತಾಯ ಲಾಭ. ಆದರೆ ಕಾರಿನ ಬೆಲೆ ಬೀಳುವುದು ಇಲ್ಲೂ ಇದೆ. ಮತ್ತೆ ನೀವು ಬಿಟ್ಟುಕೊಡುವುದೂ ಇದೆ. ಮೂರು ಸಿಲಿಂಡರ್‌ನ 1.5 ಲೀಟರ್ ಇಂಜಿನ್, ಜೋರಾಗಿ ಒತ್ತಿದರೆ ಸದ್ದು ಒಳಗೆ ಬರುತ್ತೆ. ಓವರ್‌ಟೇಕ್‌ಗೆ ನಿಮ್ಮ ಟರ್ಬೊ ಗಾಡಿಯ ಎಳೆತ ಸಿಗುವುದಿಲ್ಲ. ಬ್ಯಾಟರಿ ಜಾಗ ತಿನ್ನುವುದರಿಂದ ಡಿಕ್ಕಿ ಚಿಕ್ಕದು. ಹಾಸನದಿಂದ ತೆಂಗಿನಕಾಯಿ, ಅಕ್ಕಿ ಮೂಟೆ ತರುವವರಾದರೆ ಮೊದಲು ಡಿಕ್ಕಿ ತೆಗೆಸಿ ನೋಡಿ.

ಎರಡು ಮೂರು ವರ್ಷ ಓಡಿದ ಸ್ಟ್ರಾಂಗ್ ಹೈಬ್ರಿಡ್ ಹುಡುಕುವುದು ಮೂರನೆಯದು. ಹೋಂಡಾ ಸಿಟಿ ಹೈಬ್ರಿಡ್, ಹೈರೈಡರ್ ಎರಡೂ 2022ರಲ್ಲಿ ಬಂದವು, ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತವೆ. ಲೈಫ್ ಟ್ಯಾಕ್ಸ್ ಮೊದಲ ಮಾಲೀಕರು ಕಟ್ಟಿರುತ್ತಾರೆ. ಕೆಎ ನಂಬರ್ ಗಾಡಿಯನ್ನೇ ನೋಡಿ, ಬೇರೆ ರಾಜ್ಯದ್ದಾದರೆ ಇಲ್ಲಿ ಟ್ಯಾಕ್ಸ್ ಮತ್ತೆ ನಿಮ್ಮ ತಲೆಗೆ ಬರುತ್ತೆ. ಸರ್ವಿಸ್ ಹಿಸ್ಟರಿ ಪೂರ್ತಿ ಇರಲಿ. ಉಳಿದ ಬ್ಯಾಟರಿ ವಾರಂಟಿ ನಿಮ್ಮ ಹೆಸರಿಗೆ ಬರುತ್ತೆ ಅಂತ ಬರಹದಲ್ಲಿ ತಗೊಳ್ಳಿ, ಬಾಯಿಮಾತು ಬೇಡ. ನೀರು ನುಗ್ಗಿದ ಗಾಡಿ ಹೈಬ್ರಿಡ್‌ನಲ್ಲಿ ತುಂಬಾ ಅಪಾಯ. ಬೆಂಗಳೂರಿನಲ್ಲಿ ಮಳೆಗೆ ಮುಳುಗಿದ ಬೇಸ್‌ಮೆಂಟ್‌ಗಳು ಎಷ್ಟಿವೆ ಅಂತ ಗೊತ್ತಲ್ಲ. ಸೀಟ್‌ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯಾ ನೋಡಿ, ಕಾರ್ಪೆಟ್ ಎತ್ತಿ ಮೂಸಿ.

ನಾಲ್ಕನೆಯದು ಇರುವ ಗಾಡಿಯನ್ನೇ ಇಟ್ಟುಕೊಳ್ಳುವುದು. ನಾನು ನಿಮ್ಮ ಜಾಗದಲ್ಲಿದ್ದರೆ ಇಲ್ಲಿಂದ ಶುರು ಮಾಡುತ್ತಿದ್ದೆ. ಜರ್ಮನ್ ಗಾಡಿಗಳನ್ನೇ ಮಾಡುವ ಹೊರಗಿನ ಒಳ್ಳೆಯ ಗ್ಯಾರೇಜ್‌ನಲ್ಲಿ ಪೂರ್ತಿ ತಪಾಸಣೆ ಮಾಡಿಸಿ. ಸ್ಕ್ಯಾನ್, ಗೇರ್ ಆಯಿಲ್, ಕೂಲಂಟ್ ಪ್ರೆಷರ್ ಟೆಸ್ಟ್, ಟರ್ಬೊ, ಮುಂದಿನ ಚಕ್ರದ ಸಸ್ಪೆನ್ಷನ್‌ನ ಲೋವರ್ ಆರ್ಮ್ ಬುಷ್. ಇದಕ್ಕೆ ಕೆಲವು ಸಾವಿರ ಆಗುತ್ತೆ. ಗೇರ್‌ಬಾಕ್ಸ್ ಚೆನ್ನಾಗಿದೆ ಅಂತ ಬಂದರೆ ಆಯಿಲ್ ಬದಲಾಯಿಸಿ, ತಿಂಗಳಿಗೆ 10 ಸಾವಿರ ಗಾಡಿ ಖಾತೆಗೆ ಅಂತ ಎತ್ತಿಡಿ, ಇನ್ನೂ ಎರಡು ವರ್ಷ ಓಡಿಸಿ. ಎಫ್‌ಡಿ ಬೆಳೆಯುತ್ತಿರುತ್ತೆ. ಗೇರ್‌ಬಾಕ್ಸ್ ಒದೆಯುತ್ತಿದೆ, ಎರಡೂವರೆ ಮೂರು ಲಕ್ಷದ ಕೆಲಸ ಹತ್ತಿರದಲ್ಲಿದೆ ಅಂದರೆ ಮಾರುವ ಸಮಯ ಬಂತು ಅಂತ ಅರ್ಥ. ಕೊಳ್ಳುವವರು ಕೇಳಿದರೆ ರಿಪೋರ್ಟ್ ಮುಚ್ಚಿಡಬೇಡಿ. ಆಗ ಎರಡನೆಯ ಅಥವಾ ಮೂರನೆಯ ದಾರಿ ಹಿಡಿಯಿರಿ.

ಮಾರುವುದಾದರೆ ಎಕ್ಸ್‌ಚೇಂಜ್‌ನ 13 ಲಕ್ಷಕ್ಕೆ ಬೇಗ ತಲೆಯಾಡಿಸಬೇಡಿ. ಮೂರು ಕಡೆ ಬೆಲೆ ಕೇಳಿ. 1 ಲಕ್ಷ ಜಾಸ್ತಿ ಸಿಕ್ಕರೆ ಅದು ನಿಮ್ಮ ಎರಡು ವರ್ಷದ ಪೆಟ್ರೋಲ್ ಉಳಿತಾಯ. ಯಾರಿಗೆ ಕೊಟ್ಟರೂ ಆರ್‌ಸಿ ವರ್ಗಾವಣೆ ಮುಗಿಯುವವರೆಗೆ ಬೆನ್ನು ಬಿಡಬೇಡಿ. ನಿಮ್ಮ ಫಾಸ್ಟ್ಯಾಗ್ ಮುಚ್ಚಿಸಿ.

ಹೈಬ್ರಿಡ್ ಟೆಸ್ಟ್ ಡ್ರೈವ್‌ಗೆ ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಹೋಗಬೇಡಿ. ಒಂದು ವಾರದ ದಿನ ಸಂಜೆ, ನಿಮ್ಮ ಆಫೀಸಿನ ದಾರಿಯಲ್ಲೇ, ಎಸಿ 23ಕ್ಕೆ ಇಟ್ಟು, ಟ್ರಿಪ್ ಮೀಟರ್ ಸೊನ್ನೆ ಮಾಡಿ ಓಡಿಸಿ ನೋಡಿ. ಡ್ಯಾಶ್‌ಬೋರ್ಡ್ ತೋರಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಅಂತ ಹಿಡಿಯಿರಿ. ನಿಮ್ಮ ಗಾಡಿಯ 8 ಮತ್ತು 13 ಕೂಡ ಡ್ಯಾಶ್‌ಬೋರ್ಡ್ ನೋಡಿ ಬರೆದಿದ್ದಾದರೆ, ಒಂದೇ ಬಂಕ್‌ನಲ್ಲಿ ಆಟೋಕಟ್ ಆಗುವವರೆಗೆ ತುಂಬಿಸಿ, ಮುಂದಿನ ಸಲವೂ ಹಾಗೇ ತುಂಬಿಸಿ, ಲೀಟರ್ ಮತ್ತು ಕಿ.ಮೀ. ಬರೆದಿಡಿ. ಮೂರು ಸಲ ಮಾಡಿದರೆ ಸಾಕು.

ತಪಾಸಣೆ ರಿಪೋರ್ಟ್ ಬಂದ ಮೇಲೆ ಗೇರ್ ಆಯಿಲ್ ಬಣ್ಣ ಹೇಗಿತ್ತು, ಸ್ಕ್ಯಾನ್‌ನಲ್ಲಿ ಯಾವ ಕೋಡ್ ಬಂತು ಅಂತ ಬರೆಯಿರಿ. ಅದನ್ನು ನೋಡಿ ಎರಡು ವರ್ಷ ಇಟ್ಟುಕೊಳ್ಳಬಹುದೋ ಇಲ್ಲವೋ ಹೇಳುತ್ತೇನೆ. ಅಲ್ಲಿಯವರೆಗೆ ಶೋರೂಮ್‌ಗೆ ಬುಕಿಂಗ್ ಹಣ ಕಟ್ಟಬೇಡಿ.